ಮುಚ್ಚಳದ ಮೇಲಿನ ಹೆಸರು

ಈ ಸಭೆಯ ಅಧ್ಯಕ್ಷತೆ ವಹಿಸಿರುವ, ನಮ್ಮ ನೆಲ್ಲಿಗುಡ್ಡ ಎಸ್ಟೇಟಿನ ಮಾಲೀಕರಾದ ಶ್ರೀ ಪರಮೇಶ್ವರಪ್ಪನವರೇ, ಮೂಡಿಗೆರೆಯಿಂದ ಈ ಗುಂಡಿ ಬಿದ್ದ ರಸ್ತೆಯಲ್ಲಿ ಜೀಪಿನಲ್ಲಿ ಕುಲುಕಿಕೊಂಡು ಬಂದಿರುವ ಮುಖ್ಯ ಅತಿಥಿಗಳಾದ ಶ್ರೀ ಮಲ್ಲಿಕಾರ್ಜುನ ಅವರೇ, ಬಾಗಿಲ ಬಳಿ ನಿಂತು ಎಲ್ಲರನ್ನೂ ಕೂರಿಸುತ್ತಿರುವ ಮೇಸ್ತ್ರಿ ಬೊಮ್ಮಯ್ಯನವರೇ, ಮುಂದಿನ ಬೆಂಚಿನಲ್ಲಿರುವ ಹಿರಿಯರೇ, ಚಾಪೆಯ ಮೇಲಿರುವ ತಾಯಂದಿರೇ, ಅಕ್ಕಪಕ್ಕದ ತೋಟಗಳಿಂದ ಊಟಕ್ಕೆಂದು ಬಂದು ನನ್ನ ಭಾಷಣಕ್ಕೆ ಸಿಕ್ಕಿಬಿದ್ದಿರುವ ಸಭಿಕರೇ,

ನನಗೆ ಹತ್ತು ನಿಮಿಷ ಕೊಟ್ಟಿದ್ದಾರೆ. ಮೂವತ್ತೊಂದು ವರ್ಷ ಈ ಎಸ್ಟೇಟಿನ ಸ್ಟೋರ್ ಕೀಪರ್ ಆಗಿದ್ದ ಹಬೀಬುರ್ರಹ್ಮಾನನಿಗೆ ಹತ್ತು ನಿಮಿಷ ಧಾರಾಳವಾಯಿತು. ಅಷ್ಟು ವರ್ಷಗಳಲ್ಲಿ ಸ್ಟೋರಿನ ಕಿಟಕಿಯಿಂದ ನಾನು ಆಡಿದ್ದು ಹೆಚ್ಚಾಗಿ ಎರಡೇ ಮಾತು. 'ಇದೆ' ಅಂತ ಒಂದು, 'ನಾಳೆ ಬಾ' ಅಂತ ಇನ್ನೊಂದು. ಬಾಗಿಲ ಬಳಿ ಗೋಡೆಗೆ ಸಾಲಾಗಿ ನೀವೆಲ್ಲ ಇಟ್ಟಿರುವ ಪಾತ್ರೆಗಳನ್ನು ನೋಡಿದರೇ ಗೊತ್ತಾಗುತ್ತದೆ, ನಾನು ಬೇಗ ಮುಗಿಸಬೇಕು. ವಾರ್ಷಿಕೋತ್ಸವದ ದಿನ ಇಲ್ಲೇ ಉಂಡು, ರಾತ್ರಿಗೆ ಅನ್ನ, ಸಾರು, ಪಾಯಸ ಮನೆಗೆ ಒಯ್ಯಲು ಪಾತ್ರೆ ತಂದು ಸಾಲು ಹಿಡಿಯುವುದು ನಮ್ಮ ತೋಟದ ಪದ್ಧತಿ. ಆ ಪಾತ್ರೆಗಳಿಗೆ ಇರುವ ತಾಳ್ಮೆ ಅವುಗಳ ಯಜಮಾನರಿಗೆ ಇರುವುದಿಲ್ಲ, ಅದು ನನಗೆ ಗೊತ್ತು.

ನನ್ನನ್ನು ಹೊಗಳಿ ಬಹಳ ಮಾತಾಡಿದಿರಿ. ಹಬೀಬ್ ಸಾಬರು ಹಿರಿಯರನ್ನು ಕಂಡರೆ ಹೀಗೆ, ಹಾಗೆ ಎಂದಿರಿ. ಶಾಲು ಹೊದಿಸಲು ಎರಡು ಸಲ ಎದ್ದಿರಿ, ಎರಡು ಸಲವೂ ನಾನು 'ಮಾತಾಡಿದ ಮೇಲೆ' ಎಂದೆ. ಅಧ್ಯಕ್ಷರ ಮುಖ ಸ್ವಲ್ಪ ಸಣ್ಣದಾಯಿತು. ಅವರು ತಪ್ಪು ತಿಳಿಯಬಾರದು. ಸಭಿಕರೇ, ನಾನು ಇವತ್ತು ಇಲ್ಲಿಗೆ ಬಂದದ್ದು ಶಾಲಿಗಾಗಿ ಅಲ್ಲ. ಒಂದು ಡಬ್ಬಕ್ಕಾಗಿ ಬಂದಿದ್ದೇನೆ. ಒಟ್ಟು ಹದಿನಾಲ್ಕು ಡಬ್ಬಗಳಲ್ಲಿ ಹದಿಮೂರು ಸಿಕ್ಕಿವೆ. ಒಂದು ಸಿಕ್ಕಿಲ್ಲ. ಅದು ಈ ಸುತ್ತಿನ ಯಾರೋ ಒಬ್ಬರ ಅಡುಗೆಮನೆಯಲ್ಲಿದೆ, ಅವರು ಅದರಿಂದ ದಿನಾ ಉಣ್ಣುತ್ತಿದ್ದಾರೆ, ಅವರು ಯಾರೆಂದು ನನಗೆ ಗೊತ್ತಿಲ್ಲ. ಹತ್ತು ದಿನದಿಂದ ನನಗೆ ಊಟ ಸೇರುತ್ತಿಲ್ಲ.

ಯಾವ ಡಬ್ಬ ಎನ್ನುತ್ತೀರಾ? ಈ ವೇದಿಕೆಯ ಮೇಲೆ ಹಸಿರು ರಿಬ್ಬನ್ ಕಟ್ಟಿ ಐದು ಡಬ್ಬ ಇಟ್ಟಿದ್ದಾರಲ್ಲ, ಅಂಥದೇ. ಹಿರಿಯರಿಗೆಲ್ಲ ಇದು ಗೊತ್ತು, ಹೊಸಬರಿಗಾಗಿ ಹೇಳುತ್ತೇನೆ. ನಮ್ಮ ಕಾಫಿ ಗಿಡದ ಕಾಂಡ ಕೊರೆಯುವ ಹುಳಕ್ಕೆ ಬೋರರ್ ಎನ್ನುತ್ತೇವೆ. ಅದನ್ನು ಕೊಲ್ಲಲು ಒಂದು ಪುಡಿ ಬರುತ್ತದೆ. ನೀರಿಗೆ ಕಲಸಿ, ಬಟ್ಟೆಯಲ್ಲಿ ಅದ್ದಿ ಕಾಂಡಕ್ಕೆ ಬಳಿಯುತ್ತೇವೆ. ಆ ಪುಡಿ ಬರುವುದು ಈ ಡಬ್ಬದಲ್ಲಿ. ಗಟ್ಟಿ ತಗಡು, ಅಗಲ ಬಾಯಿ, ಅದುಮಿ ಕೂರಿಸಿದರೆ ಬಿಗಿಯಾಗಿ ಕಚ್ಚಿಕೊಳ್ಳುವ ಮುಚ್ಚಳ. ಪೆಟ್ಟಿಗೆಯೊಳಗಿನ ಬಟ್ಟೆಗೂ ಬೂಸ್ಟು ಹಿಡಿಯುವ ಮಳೆ ನಮ್ಮದು. ಜೂನ್ ತಿಂಗಳಿಗೆ ತಂದ ಅಕ್ಕಿ ಆಗಸ್ಟಿಗೆ ಗಂಟು ಕಟ್ಟಿ ಹುಳ ಹಿಡಿಯುತ್ತದೆ. ಇಂಥ ಊರಿನಲ್ಲಿ ಇಂಥ ಡಬ್ಬ ಎಂದರೆ ಏನೆಂದು ಹೇಳಬೇಕೇ? ಖಾಲಿ ಡಬ್ಬಕ್ಕಾಗಿ ನನ್ನ ಕಿಟಕಿಯಲ್ಲಿ ಜಗಳಗಳೇ ಆಗುತ್ತಿದ್ದವು.

ಮೂರು ವರ್ಷದ ಹಿಂದೆ, ಎಪ್ಪತ್ತೊಂಬತ್ತರಲ್ಲಿ, ನನಗೊಂದು ಯೋಚನೆ ಬಂತು. ಜಗಳ ಯಾಕೆ? ಕೆಲಸದಿಂದ ನಿಂತ ಹಿರಿಯರಿಗೆ ಎಸ್ಟೇಟು ಮಳೆಗಾಲದ ಅಕ್ಕಿ ಕೊಡುತ್ತದೆ. ಅದನ್ನು ಬರೀ ಗೋಣಿಯಲ್ಲಿ ಕೊಡುವ ಬದಲು ಈ ಡಬ್ಬದಲ್ಲೇ ಕೊಡೋಣ, ವಾರ್ಷಿಕೋತ್ಸವದ ದಿನ, ಎಲ್ಲರ ಎದುರಿಗೆ, ಗೌರವದಿಂದ ಕೊಡೋಣ ಎಂದೆ. ಅಧ್ಯಕ್ಷರು ಒಂದೇ ಮಾತಿಗೆ ಒಪ್ಪಿದರು. ಹಾಗೆ ಶುರುವಾಯಿತು. ಆ ವರ್ಷ ನಾಲ್ಕು, ಮುಂದಿನ ವರ್ಷ ಐದು, ಹೋದ ವರ್ಷ ಐದು. ಇವತ್ತಿನದು ಇನ್ನೂ ಐದು.

ನಾನು ಅವನ್ನು ಹೇಗೆ ತೊಳೆದೆ ಎಂದು ಹೇಳುತ್ತೇನೆ ಕೇಳಿ. ಇದು ಜಂಬವಲ್ಲ. ಅಲ್ಲ, ಜಂಬವೇ, ಇಷ್ಟು ದಿನ ಜಂಬವೇ ಆಗಿತ್ತು. ಒಲೆಯ ಬೂದಿ ಹಾಕಿ ತೆಂಗಿನ ನಾರಿನಲ್ಲಿ ಉಜ್ಜಿದೆ. ವಾಷಿಂಗ್ ಸೋಡಾ ಹಾಕಿದ ಕುದಿನೀರಿನಲ್ಲಿ ಮೂರು ಸಲ ತೊಳೆದೆ. ಕಾಫಿ ಒಣಗಿಸುವ ಕಣದಲ್ಲಿ ಎರಡು ದಿನ ಬಿಸಿಲಿಗಿಟ್ಟೆ. ಹಿಡಿಯಲು ತಂತಿ ಕಟ್ಟಿದೆ. ಆಮೇಲೆ ಕೆಂಪು ಪೇಂಟಿನಲ್ಲಿ ಮುಚ್ಚಳದ ಮೇಲೆ ಅವರವರ ಹೆಸರು ಬರೆದೆ. ನನ್ನ ಅಕ್ಷರ ಚೆನ್ನಾಗಿದೆ ಎಂದು ಎಲ್ಲರೂ ಹೇಳುತ್ತಾರೆ. ನಾವೀಗ ಕೂತಿರುವ ಈ ಗೋಡೌನಿನ ಬಾಗಿಲ ಮೇಲಿನ ಬೋರ್ಡೂ ನನ್ನದೇ.

ಒಂದು ಮಾತ್ರ ಮಾಡಲಿಲ್ಲ. ಮುಚ್ಚಳದ ಒಳಗಡೆ ಒಂದು ವಾಷರ್ ಇದೆ. ದಪ್ಪ ರಟ್ಟಿನ ಬಿಲ್ಲೆ. ಅದನ್ನು ಕಿತ್ತರೆ ಮುಚ್ಚಳ ಸಡಿಲವಾಗುತ್ತದೆ, ತೇವ ಒಳಗೆ ಹೋಗುತ್ತದೆ. ನೀರಿಗೆ ಹಾಕಿದರೆ ರಟ್ಟು ಉಬ್ಬಿ ಹಾಳಾಗುತ್ತದೆ. ಅದಕ್ಕೆ ನಾನು ಅದನ್ನು ಕೀಳಲಿಲ್ಲ, ತೊಳೆಯಲೂ ಇಲ್ಲ, ಒಣಬಟ್ಟೆಯಲ್ಲಿ ಒರೆಸಿ ಹಾಗೇ ಬಿಟ್ಟೆ. ಪ್ರತಿಯೊಬ್ಬ ಹಿರಿಯರಿಗೂ ಡಬ್ಬ ಕೊಡುವಾಗ ಹೇಳುತ್ತಿದ್ದೆ, 'ವಾಷರ್ ಕೀಳಬೇಡಿ, ಅದೇ ಇದರ ಜೀವ.' ಹದಿನಾಲ್ಕು ಜನಕ್ಕೂ ಹೇಳಿದ್ದೇನೆ. ಈ ಬಾಯಿಂದಲೇ.

ಹತ್ತು ದಿನದ ಹಿಂದೆ ನಮ್ಮ ಗಿಡ್ಡಮ್ಮನವರು ಒಲೆಯ ಮುಂದೆ ಬಿದ್ದರು. ಅವರು ಇಲ್ಲೇ ಮುಂದಿನ ಬೆಂಚಿನಲ್ಲಿದ್ದಾರೆ, ನನ್ನ ಮಾತಿಗೆ ತಲೆ ಆಡಿಸುತ್ತಿದ್ದಾರೆ, ಈ ಒಂದು ಸಲಕ್ಕಾದರೂ ನನ್ನ ಮಾತು ಒಪ್ಪಿದ್ದಾರೆ. ಅವರಿಗೆ ಫಿಟ್ಸ್ ಬಂದಿತ್ತು. ಬಾಯಲ್ಲಿ ನೊರೆ, ಕೈಕಾಲು ಸೆಟೆದಿದ್ದವು. ತೋಟದ ಟ್ರ್ಯಾಕ್ಟರಿನಲ್ಲಿ ಮೂಡಿಗೆರೆಗೆ ಕರೆದುಕೊಂಡು ಹೋದೆವು. ದಾರಿಯುದ್ದಕ್ಕೂ ನಾವೆಲ್ಲ ಏನು ಮಾತಾಡಿಕೊಂಡೆವು? ಎಪ್ಪತ್ತು ದಾಟಿತಲ್ಲ, ವಯಸ್ಸಾಯಿತಲ್ಲ ಎಂದೆವು. ಆರು ತಿಂಗಳಿನಿಂದ ಅವರ ಕೈ ನಡುಗುತ್ತಿತ್ತು, ವಯಸ್ಸು ಎಂದೆವು. ತಲೆ ಸುತ್ತುತ್ತದೆ ಎಂದರು, ವಯಸ್ಸು ಎಂದೆವು. ಎರಡು ಸಲ ಕಣದಲ್ಲಿ ಬಿದ್ದರು, ಆಗಲೂ ವಯಸ್ಸು ಎಂದೆವು.

ಅಲ್ಲಿ ಹೊಸದಾಗಿ ಒಬ್ಬರು ಲೇಡಿ ಡಾಕ್ಟರು ಬಂದಿದ್ದಾರೆ. ಸಣ್ಣ ವಯಸ್ಸು. ಅವರು ಮಾತ್ರ ವಯಸ್ಸು ಎನ್ನಲಿಲ್ಲ. "ಅಜ್ಜಿ ಏನು ಊಟ ಮಾಡ್ತಾರೆ? ಮನೇಲಿ ಬೇರೆ ಯಾರಿಗಾದ್ರೂ ಹೀಗಾಗಿದೆಯಾ?" ಎಂದು ಕೇಳಿದರು. ಬೇರೆ ಯಾರಿಗೂ ಇಲ್ಲ. ಆಗ ಗಿಡ್ಡಮ್ಮನವರ ಮೊಮ್ಮಗಳು ಹೇಳಿದಳು, "ಅಜ್ಜಿ ಅಕ್ಕಿನೇ ಬೇರೆ ಡಾಕ್ಟ್ರೆ. ಅದು ವಾಸ್ನೆ ಬರ್ತದೆ, ನಾವು ಯಾರೂ ತಿನ್ನುದಿಲ್ಲ. ಅಜ್ಜಿಗೆ ವಾಸ್ನೆನೇ ಗೊತ್ತಾಗುದಿಲ್ಲ."

ಮರುದಿನ ನಾನೇ ಅಕ್ಕಿಯನ್ನೂ ಡಬ್ಬವನ್ನೂ ಒಯ್ದು ಅವರ ಮೇಜಿನ ಮೇಲಿಟ್ಟೆ. ಹೆಮ್ಮೆಯಿಂದಲೇ ಇಟ್ಟೆ, ಸುಳ್ಳು ಯಾಕೆ ಹೇಳಲಿ. "ನಾನೇ ತೊಳೆದದ್ದು ಡಾಕ್ಟ್ರೇ, ಮೂರು ಸಲ" ಎಂದೆ. ಅವರು ಮುಚ್ಚಳ ತೆಗೆಯಲು ನೋಡಿದರು, ಬರಲಿಲ್ಲ. "ಇಷ್ಟು ಬಿಗಿ ಇದ್ಯಲ್ಲ, ಅಜ್ಜಿ ಹೇಗೆ ತೆಗೀತಾರೆ?" ಎಂದರು. ನಾನು ಯೋಚಿಸಿರಲೇ ಇಲ್ಲ. ಗಿಡ್ಡಮ್ಮನವರು ಹಾಸಿಗೆಯಿಂದಲೇ ಹೇಳಿದರು, "ಸೌಟಲ್ಲಿ ಮೇಲಿಂದ ನಾಲ್ಕು ಬಾರ್ಸದು, ಸಡ್ಲ ಆಗ್ತದೆ." ಡಾಕ್ಟರು ಒಂದು ಬಿಳಿ ಕಾಗದ ಹಾಸಿದರು, ಅದರ ಮೇಲೆ ಮುಚ್ಚಳ ಹಿಡಿದು ಪೆನ್ನಿನಿಂದ ನಾಲ್ಕು ಸಲ ಬಡಿದರು. ಕಾಗದದ ಮೇಲೆ ಪುಡಿ ಬಿತ್ತು. ಬೂದು ಬಣ್ಣದ ಪುಡಿ, ಉಗುರಿನಲ್ಲಿ ಹಿಡಿಯುವಷ್ಟು. ಮೂವತ್ತೊಂದು ವರ್ಷ ಆ ವಾಸನೆಯಲ್ಲೇ ಕೂತವನು ನಾನು, ಗುರುತು ಹಿಡಿಯಲು ನನಗೆ ಯಾರೂ ಬೇಕಾಗಿರಲಿಲ್ಲ.

ಸಭಿಕರೇ, ಸ್ವಲ್ಪ ಯೋಚಿಸಿ. ಗಟ್ಟಿ ಕೈ ಇರುವವರು ಮುಚ್ಚಳವನ್ನು ತಿರುಗಿಸಿ ಎತ್ತುತ್ತಾರೆ. ಬಡಿಯುವವರು ಯಾರು? ಕೈಯಲ್ಲಿ ಬಲವಿಲ್ಲದವರು. ವಾಸನೆ ಬಂದರೆ ಬಿಡುವವರು ಯಾರು? ಮೂಗು ನೆಟ್ಟಗಿರುವವರು. ತೊಳೆದ ನೀರು ಚೆಲ್ಲಿ, ಬಸಿದು ಅನ್ನ ಉಣ್ಣುವವರು ಯಾರು? ಹಲ್ಲಿರುವವರು. ಹಲ್ಲಿಲ್ಲದವರು ಅಕ್ಕಿಯನ್ನು ಒಂದು ಸಲ ಜಾಲಾಡಿಸಿ ಗಂಜಿ ಮಾಡಿ ಪೂರ್ತಿ ಕುಡಿಯುತ್ತಾರೆ. ಇದೆಲ್ಲಕ್ಕಿಂತ ಹೆಚ್ಚಾಗಿ ಒಂದು ಮಾತಿದೆ. ಅದನ್ನು ಹೇಳಲು ನನಗೆ ಕಷ್ಟ. ಒಂದೇ ಒಲೆ, ಒಂದೇ ಸೂರು ಇದ್ದರೂ ಆ ಮನೆಗಳ ಮಕ್ಕಳು, ಸೊಸೆಯಂದಿರು ಆ ಅಕ್ಕಿಯನ್ನು ಮುಟ್ಟಲಿಲ್ಲ. ಯಾಕೆ ಮುಟ್ಟಲಿಲ್ಲ? ಮುಚ್ಚಳದ ಮೇಲೆ ಹೆಸರು ಇತ್ತು. ಇದು ಅಜ್ಜಿಯದು, ಇದು ಅಜ್ಜನದು ಎಂದು ಮರ್ಯಾದೆಯಿಂದ ದೂರ ಇಟ್ಟರು. ಅಷ್ಟೂ ಮರ್ಯಾದೆಯನ್ನು ಕೆಂಪು ಪೇಂಟಿನಲ್ಲಿ ಬರೆದು ಕೊಟ್ಟವನು ನಾನು.

ಡಾಕ್ಟರನ್ನು ಕೇಳಿದೆ, ಡಬ್ಬ ಪಡೆದ ಹಿರಿಯರಲ್ಲಿ ಯಾರ ಕಾಯಿಲೆ ಇದರಿಂದ, ಯಾರದು ವಯಸ್ಸಿನಿಂದ ಎಂದು. "ಈಗ ಹೇಳಕ್ಕಾಗಲ್ಲ. ಇದೂ ಇರಬಹುದು, ಅದೂ ಇರಬಹುದು. ಮೊದ್ಲು ಎಲ್ಲ ಡಬ್ಬ ವಾಪಸ್ ತಗೊಳ್ಳಿ. ವಯಸ್ಸಾದವರ ಮೈ ಇಂಥದನ್ನ ತಡ್ಕೊಳ್ಳೋದು ಕಷ್ಟ, ಒಂದು ದಿನಾನೂ ತಡ ಮಾಡ್ಬೇಡಿ" ಎಂದರು. ಅವತ್ತಿನಿಂದ ಸೈಕಲ್ ತುಳಿಯುತ್ತಿದ್ದೇನೆ. ಜಾವಳಿಗೆ ಹೋದೆ. ಮಗಳ ಮನೆಗೆ ಹೋಗಿದ್ದ ಒಬ್ಬರನ್ನು ಹುಡುಕಿ ಬಸ್ಸು ಹತ್ತಿ ಅತ್ತಿಗುಂಡಿಗೂ ಹೋಗಿಬಂದೆ. ಅರವತ್ತರ ಹತ್ತಿರ ಬಂದ ಮೇಲೆ ಸೈಕಲ್ ತುಳಿದರೆ ಏನಾಗುತ್ತದೆ ಎಂದು ನನ್ನ ಮೊಣಕಾಲು ಹೇಳುತ್ತದೆ, ಅದನ್ನು ಇನ್ನೊಂದು ಭಾಷಣದಲ್ಲಿ ಹೇಳಿಸುತ್ತೇನೆ.

ನಮ್ಮ ಭೂತಯ್ಯನವರು ಗಟ್ಟಿಮುಟ್ಟಾಗಿದ್ದಾರೆ. ಹೇಗೆ ಎಂದು ನೋಡಿದರೆ ಅವರು ಡಬ್ಬದಲ್ಲಿ ಅಕ್ಕಿಯನ್ನೇ ಇಟ್ಟಿರಲಿಲ್ಲ. ಒಳಗೆ ಹುಲ್ಲು ಹಾಕಿ ಕೋಳಿಯನ್ನು ಕಾವಿಗೆ ಕೂರಿಸಲು ಹೋಗಿದ್ದರಂತೆ. "ಕೋಳಿ ಕೂರ್ಲೇ ಇಲ್ಲ ಮಾರಾಯ್ರೆ, ಮೂರು ಸಲ ಎದ್ದು ಓಡ್ತು. ಮತ್ತೆ ಮೂಲೆಗೆ ಹಾಕಿದೆ" ಎಂದರು. ನಗಬಹುದು ನೀವು. ನಾನೂ ಅವರ ಜಗುಲಿಯಲ್ಲಿ ಕೂತು ನಕ್ಕೆ. ಸೈಕಲ್ ಹತ್ತಿದ ಮೇಲೆ ನಗು ನಿಂತುಹೋಯಿತು. ಕೋಳಿಗೆ ಗೊತ್ತಾದದ್ದು ಸ್ಟೋರ್ ಕೀಪರನಿಗೆ ಗೊತ್ತಾಗಲಿಲ್ಲವಲ್ಲ.

ಗಿಡ್ಡಮ್ಮನವರಿಂದ ಡಬ್ಬ ಬಿಡಿಸಿಕೊಳ್ಳುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಆಸ್ಪತ್ರೆಯಿಂದ ಬಂದವರೇ ಕೇಳಿದ್ದು, "ನನ್ನ ಡಬ್ಬ ಎಲ್ಲಿ?" ಅದರಲ್ಲಿ ವಿಷ ಇದೆ ಎಂದು ಹೇಳಿದೆ. "ಅಕ್ಕಿ ಬೇಕಾದ್ರೆ ಚೆಲ್ಲಿ ಸಾಬ್ರೆ. ಡಬ್ಬ ಮಾತ್ರ ಬಿಟ್ಟು ಕೊಡುದಿಲ್ಲ" ಎಂದರು. ಯಾಕೆ ಎಂದೆ. "ಐವತ್ತು ವರ್ಷ ಈ ತೋಟದಲ್ಲಿ ಹಣ್ಣು ಕೊಯ್ದಿದ್ದೇನೆ. ನನ್ನ ಹೆಸ್ರು ಬರ್ದದ್ದು ಅಂತ ಎಲ್ಲಾದ್ರೂ ಇದ್ರೆ ಅದೊಂದ್ರ ಮೇಲೇ ಇರುದು" ಎಂದರು. ಪೇಂಟಿನ ಡಬ್ಬಿ ತಂದು ಕೂಲಿ ಲೈನಿನ ಅವರ ಮನೆಯ ಬಾಗಿಲ ಮೇಲೆ, ಮುಚ್ಚಳದ ಮೇಲಿದ್ದುದಕ್ಕಿಂತ ದೊಡ್ಡದಾಗಿ, ಗಿಡ್ಡಮ್ಮ ಎಂದು ಬರೆದೆ. ಆಮೇಲೆ ಡಬ್ಬ ಬಿಟ್ಟುಕೊಟ್ಟರು. ಈಗ ಆ ಸಾಲಿನ ಎಲ್ಲರಿಗೂ ಬಾಗಿಲ ಮೇಲೆ ಹೆಸರು ಬೇಕಂತೆ. ಬರೆಯುತ್ತೇನೆ. ಎಲ್ಲರದೂ ಬರೆಯುತ್ತೇನೆ.

ಇನ್ನು ಈ ಐದು ಡಬ್ಬಗಳು. ಅಧ್ಯಕ್ಷರೇ, ಇಲ್ಲಿ ನಾನು ನಿಮ್ಮ ಕ್ಷಮೆ ಕೇಳಬೇಕು. ನೀವು ದೊಡ್ಡ ಮನಸ್ಸಿನವರು, ಗಿಡ್ಡಮ್ಮನವರ ಔಷಧಿಯ ಖರ್ಚು ನೋಡಿಕೊಂಡವರು. ವಿಷಯ ತಿಳಿಸಿದಾಗ ನಿಮಗೂ ಸಂಕಟವಾಯಿತು, ನಾನು ಕಣ್ಣಾರೆ ಕಂಡೆ. ಆದರೂ ನೀವು ಹೇಳಿದಿರಿ, "ಸಾಬ್ರೆ, ವಾರ್ಷಿಕೋತ್ಸವ ಒಂದು ಮುಗೀಲಿ. ಗೆಸ್ಟ್ ಎದುರಿಗೆ ಬೇಡ. ಇವನ್ನ ಕೊಡುವ, ನಾಳೆ ನಾಡಿದ್ದು ಸದ್ದಿಲ್ಲದೆ ವಾಪಸ್ ತರಿಸುವ." ನಾನು ಹೂಂ ಎಂದೆ. ಮೂವತ್ತೊಂದು ವರ್ಷ ನಿಮಗೆ ಹೂಂ ಎಂದೇ ಅಭ್ಯಾಸ. ಮನೆಗೆ ಹೋಗುತ್ತ ಯೋಚಿಸಿದೆ, ನಾಳೆ ನಾಡಿದ್ದು ಎಂದರೆ ಎರಡು ದಿನದ ಗಂಜಿ. ನಿನ್ನೆ ಮಧ್ಯಾಹ್ನ ಇಲ್ಲಿ ವೇದಿಕೆ ಕಟ್ಟುತ್ತಿದ್ದಾಗ ನಾನು ಸ್ಟೋರಿಗೆ ಹೋಗಿ ಈ ಐದೂ ಡಬ್ಬಗಳ ತಳಕ್ಕೆ ಉಳಿಯಿಂದ ತೂತು ಹೊಡೆದಿದ್ದೇನೆ. ಮಗುಚಿ ನೋಡಬಹುದು. ಸಿಕ್ಕಿದ ಹದಿಮೂರಕ್ಕೂ ಹೊಡೆದಿದ್ದೇನೆ. ಆ ಹದಿಮೂರನ್ನು ಹಳ್ಳದಿಂದ ದೂರ, ಡಾಕ್ಟರು ಹೇಳಿದಷ್ಟು ಆಳದಲ್ಲಿ ಹೂಳಿಸಿದ್ದೇನೆ. ಇವತ್ತು ಡಬ್ಬ ಸಿಗಬೇಕಿದ್ದ ಐದು ಜನ ಹಿರಿಯರು ಬೇಸರ ಮಾಡಿಕೊಳ್ಳಬಾರದು. ನಿಮ್ಮ ಅಕ್ಕಿಗೆ ಹೊಸ ಮಣ್ಣಿನ ಗುಡಾಣಗಳಿಗೆ ಹೇಳಿದ್ದೇನೆ, ಸೋಮವಾರ ಬರುತ್ತವೆ.

ಮುಖ್ಯ ಅತಿಥಿಗಳು ನನ್ನನ್ನು ನೋಡುತ್ತಿದ್ದಾರೆ. ನಿಮ್ಮ ತೋಟದಲ್ಲೂ ಇದೇ ಪುಡಿ ಇದೆ ಸ್ವಾಮಿ. ನಿಮ್ಮ ಸ್ಟೋರ್ ಕೀಪರು ಖಾಲಿ ಡಬ್ಬವನ್ನು ಯಾರಿಗೆ ಕೊಡುತ್ತಾನೆ ಎಂದು ದಯಮಾಡಿ ಇವತ್ತೇ ಕೇಳಿ. ಹೆಸರು ಬರೆಯದೆ ಕೊಟ್ಟಿದ್ದರೆ ಹುಡುಕುವುದು ಇನ್ನೂ ಕಷ್ಟ.

ಇದು ಯಾರಿಗೂ ಗೊತ್ತಿರಲಿಲ್ಲ ಸಭಿಕರೇ. ಯಾರಿಗೂ ಗೊತ್ತಿರಲಿಲ್ಲ ಎಂದು ಹೇಳಿ ಮಾತು ಮುಗಿಸಬೇಕು ಎಂದೇ ಮನೆಯಿಂದ ಬರೆದುಕೊಂಡು ಬಂದಿದ್ದೇನೆ. ಇಗೋ ಚೀಟಿ. ಆದರೆ ತಾಯಂದಿರ ನಡುವೆ ನನ್ನ ಹೆಂಡತಿ ನಜ್ಮುನ್ನೀಸಾ ಕೂತಿದ್ದಾಳೆ. ಅವಳ ಮುಖ ನೋಡಿಕೊಂಡು ಆ ಮಾತು ಹೇಗೆ ಹೇಳಲಿ? ಅವಳಿಗೆ ಗೊತ್ತಿತ್ತು. ಮೊದಲ ವರ್ಷವೇ ಹೇಳಿದಳು. "ಏನ್ರೀ, ಈ ಮುಚ್ಚಳ ಎಂಥದೋ ವಾಸ್ನೆ ಬರ್ತದೆ, ಒಂದ್ಸಲ ನೋಡಿ" ಎಂದಳು. ನಾನು ಮೂಸಿ ಕೂಡ ನೋಡಲಿಲ್ಲ. "ಹೊಸ ಪೇಂಟು, ಹಾಗೇ ಬರ್ತದೆ" ಎಂದೆ. ಆಗ ಒಲೆಯ ಹತ್ತಿರ ಕೂತಿದ್ದ ನನ್ನ ತಾಯಿ ನನ್ನ ಪಕ್ಷ ವಹಿಸಿದರು. "ನಂಗೆ ಯಾವ ವಾಸ್ನೆನೂ ಇಲ್ಲ. ನನ್ನ ಮಗ ಮೂರು ಸಲ ತೊಳ್ದಿದ್ದಾನೆ" ಎಂದರು.

ಹೌದು. ನನ್ನ ತಾಯಿ. ರೌಶನ್ ಬೀ. ಚಿಕ್ಕ ವಯಸ್ಸಿನಿಂದ ಇದೇ ಕಣದಲ್ಲಿ ಪಾರ್ಚ್‌ಮೆಂಟ್ ಕಾಫಿ ಬೀಜ ಆರಿಸಿದವರು. ಎಪ್ಪತ್ತೊಂಬತ್ತರಲ್ಲಿ ಕೊಟ್ಟ ನಾಲ್ಕು ಡಬ್ಬಗಳಲ್ಲಿ ಮೊದಲನೆಯದು ಅವರದು. ನಾನು ಮೊದಲು ಬರೆದ ಹೆಸರು ಅವರದು. ಇದೇ ಜಾಗದಲ್ಲಿ ಅಧ್ಯಕ್ಷರ ಕೈಯಿಂದ ತೆಗೆದುಕೊಂಡರು, ನೀವೆಲ್ಲ ಚಪ್ಪಾಳೆ ಹೊಡೆದಿರಿ. ಅವರಿಗೆ ನಮ್ಮ ಬಿಳಿ ಅಕ್ಕಿ ಸೇರುತ್ತಿರಲಿಲ್ಲ. ಎಸ್ಟೇಟಿನ ಕೆಂಪಕ್ಕಿಯ ಗಂಜಿಯೇ ಆಗಬೇಕು. ಹತ್ತಿರ ಹತ್ತಿರ ಎರಡು ವರ್ಷ ಅದರಿಂದಲೇ ಉಂಡರು. ಒಂದು ವರ್ಷಕ್ಕೆಲ್ಲ ಕೈ ನಡುಗಲು ಶುರುವಾಯಿತು. ಲೋಟದ ಚಹಾ ಸೀರೆಯ ಮೇಲೆ ಚೆಲ್ಲುತ್ತಿತ್ತು. ನಾನು ಏನು ಮಾಡಿದೆ ಗೊತ್ತೇ? ಇನ್ನು ಮೇಲೆ ಅಮ್ಮನಿಗೆ ಅರ್ಧ ಲೋಟ ಕೊಡು ಎಂದೆ. ಅಷ್ಟೇ ನಾನು ಮಾಡಿದ ಮದ್ದು. ಹೋದ ವರ್ಷ ಫೆಬ್ರವರಿಯಲ್ಲಿ ಬಚ್ಚಲಿನಲ್ಲಿ ಬಿದ್ದರು. ನಾಲ್ಕು ದಿನ ಇದ್ದರು. ಬಂದವರಿಗೆಲ್ಲ ನಾನು ಹೇಳಿದೆ, ಎಪ್ಪತ್ತಾರಾಗಿತ್ತು, ವಯಸ್ಸು ಎಂದು.

ಇದರಿಂದಲೇ ಹೋದರು ಎಂದು ಡಾಕ್ಟರು ಹೇಳಲಿಲ್ಲ. ಅಲ್ಲ ಎಂದೂ ಹೇಳಲಿಲ್ಲ. ನಾನು ಮೂರು ಸಲ ಹೋಗಿ ಕೇಳಿದೆ. ಮೂರನೆಯ ಸಲ ಅವರು ನನಗೆ ಕುರ್ಚಿ ಹಾಕಿಸಿ ಚಹಾ ತರಿಸಿದರು. ಅದನ್ನು ಹಿಡಿದುಕೊಂಡು ಅಲ್ಲಿ ಕೂತು ಅತ್ತೆ. ಅದನ್ನು ಇಲ್ಲಿ ಹೇಳಬೇಕೆಂದು ಇರಲಿಲ್ಲ.

ಅಮ್ಮ ಹೋದ ನಲವತ್ತನೆಯ ದಿನ ಫಾತಿಹಾ ಪ್ರಾರ್ಥನೆ ಓದಿಸಿ, ಅವರು ಬಳಸಿದ್ದನ್ನೆಲ್ಲ ಇಲ್ಲದವರಿಗೆ ಕೊಟ್ಟೆವು. ಅವರದೇ ವಯಸ್ಸಿನ ಯಾರಿಗಾದರೂ ಕೊಡಬೇಕು, ಆಗಲೇ ಅವರ ಆತ್ಮಕ್ಕೆ ತೃಪ್ತಿ ಎಂದು ನಮ್ಮ ಮನೆಯಲ್ಲಿ ಭಾವನೆ. ಅವತ್ತು ಮಧ್ಯಾಹ್ನ ರಸ್ತೆಯಲ್ಲಿ ಬಂದ ಒಬ್ಬ ಅಜ್ಜಿಗೆ ನಜ್ಮುನ್ನೀಸಾ ಎರಡು ಸೀರೆ, ಒಂದು ಕಂಬಳಿ, ಆ ಡಬ್ಬ ಮತ್ತು ಅದರಲ್ಲಿದ್ದ ಕೆಂಪಕ್ಕಿ ಕೊಟ್ಟಳು. ನಾನು ಬಾಗಿಲಲ್ಲೇ ನಿಂತಿದ್ದೆ. ಮುಚ್ಚಳ ಬಿಗಿ ಇದೆ ಎಂದು ಅಜ್ಜಿ ಹೇಳಿದಾಗ 'ಸೌಟಿನಲ್ಲಿ ಬಡಿಯಿರಿ, ನಮ್ಮ ಅಮ್ಮ ಹಾಗೇ ಮಾಡುತ್ತಿದ್ದರು' ಎಂದವನು ನಾನೇ. ಅವರ ಹೆಸರು ಕೇಳಲಿಲ್ಲ. ಊರು ಕೇಳಲಿಲ್ಲ. ಕಳಸದ ಕಡೆಗೆ ನಡೆದುಹೋದರು. ಹದಿಮೂರು ತಿಂಗಳಾಯಿತು.

ಆ ಹದಿನಾಲ್ಕನೆಯ ಡಬ್ಬವನ್ನೇ ನಾನು ಹುಡುಕುತ್ತಿದ್ದೇನೆ. ಕಳಸದ ರಸ್ತೆಯ ಪ್ರತಿ ಲೈನಿನಲ್ಲೂ ಕೇಳಿದೆ. ಹೊರನಾಡಿನಲ್ಲಿ ಊಟದ ಸಾಲಿನಲ್ಲಿ ಕೂತ ಅಜ್ಜಿಯರ ಮುಖಗಳನ್ನೆಲ್ಲ ನೋಡಿದೆ. ಗುರುತು ಹೇಳುತ್ತೇನೆ, ದಯಮಾಡಿ ಕೇಳಿಸಿಕೊಳ್ಳಿ. ಹತ್ತು ಸೇರು ಹಿಡಿಯುವ ಡಬ್ಬ. ತಂತಿಯ ಹಿಡಿ, ಒಂದು ಕಡೆ ಹಳದಿ ಬಟ್ಟೆ ಸುತ್ತಿದೆ, ಅಮ್ಮನ ಕೈಗೆ ಚುಚ್ಚಬಾರದೆಂದು ನಾನೇ ಸುತ್ತಿದ್ದು. ಮುಚ್ಚಳದ ಮೇಲೆ ಕೆಂಪು ಅಕ್ಷರ. ಹೆಸರಿನ ಕೆಳಗೆ ಒಂದು ಸಣ್ಣ ಹೂವು. ಹೂವು ಅದೊಂದಕ್ಕೇ ಬರೆದದ್ದು, ಬೇರೆ ಯಾರದಕ್ಕೂ ಬರೆದಿಲ್ಲ. ಓದು ಬಾರದವರೂ ಹೂವು ಗುರುತಿಸಬಹುದು. ನಿಮ್ಮ ನೆರೆಯಲ್ಲಿ, ನಿಮ್ಮ ನೆಂಟರ ಮನೆಯಲ್ಲಿ ಎಲ್ಲಾದರೂ ಕಂಡಿದ್ದರೆ ಊಟಕ್ಕೆ ಏಳುವ ಮೊದಲು ನನಗೆ ಹೇಳಿ. ತೊಳೆದು ಇಟ್ಟುಕೊಳ್ಳುತ್ತೇವೆ ಎನ್ನಬೇಡಿ. ನಾನು ತೊಳೆದಿದ್ದೆ.

ಇಷ್ಟು ಹೇಳಿ ನಾನು...

ಬೊಮ್ಮಯ್ಯ, ಯಾಕೆ ಕೈ ಎತ್ತಿದೆ? ಊಟಕ್ಕೆ ಹೊತ್ತಾಯಿತೇ? ಏನು? ಯಾವ ಟವಲ್ಲು? ನನಗೆ ಕನ್ನಡಕ ಹಾಕಿದರೂ ಬಾಗಿಲಿನವರೆಗೆ ಕಾಣುವುದಿಲ್ಲ ಮಾರಾಯ. ಆ ಪಾತ್ರೆಯ ಮೇಲಿನ ಟವಲ್ ತೆಗಿ. ಪೂರ್ತಿ ತೆಗಿ. ಮೇಲೆತ್ತಿ ಹಿಡಿ. ಹಿಡಿಗೆ ಸುತ್ತಿದ ಬಟ್ಟೆ ಯಾವ ಬಣ್ಣ?

ಮುಚ್ಚಳ ಓದು. ಜೋರಾಗಿ ಓದು ಬೊಮ್ಮಯ್ಯ, ಎಲ್ಲರಿಗೂ ಕೇಳಲಿ.

ಆಯಿತು. ಅದೇ. ಮುಚ್ಚಳ ತೆಗೆಯಬೇಡ. ಬಡಿಯಬೇಡ. ಹಾಗೇ ಹೊರಗೆ ಒಯ್ದು ಇಡು, ಮಕ್ಕಳು ಮುಟ್ಟದ ಹಾಗೆ ಯಾರಾದರೂ ಹತ್ತಿರ ನಿಲ್ಲಿ.

ಇದನ್ನು ತಂದವರು ಯಾರು? ಹೆದರಬೇಡಿ, ಯಾರೂ ಬೈಯುವುದಿಲ್ಲ. ಈ ಮುಂದಿನ ಕಂಬದ ಪಕ್ಕದವರೇ? ಅಜ್ಜಿ, ನೀವೇನಾ? ಏಳಬೇಡಿ, ಕೂತೇ ಹೇಳಿ. ನಜ್ಮು, ಅವರ ಪಕ್ಕ ಹೋಗಿ ಕೂರು. ನೀವು ನಮ್ಮ ಮನೆಗೆ ಬಂದಿದ್ದಿರಿ ಅಲ್ಲವೇ, ಒಂದು ಕಂಬಳಿ ಕೊಟ್ಟಿದ್ದೆವು? ಹೌದಾ. ಆ ಕೆಂಪಕ್ಕಿ ಮುಗಿದ ಮೇಲೆ ಬೇರೆ ಅಕ್ಕಿ ಹಾಕಿದಿರಾ? ಇವತ್ತು ಬೆಳಗ್ಗೆ ಏನು ಉಂಡಿರಿ? ಗಂಜಿಯೇ. ಅದರದ್ದೇ. ತಲೆ ಸುತ್ತುತ್ತದೆಯೇ? ಕೈ ಮುಂದೆ ಚಾಚಿ ತೋರಿಸಿ. ಸಾಕು, ಸಾಕು, ಕಾಣಿಸಿತು. ಇಲ್ಲಿಗೇ ಕಾಣಿಸುತ್ತದೆ.

ಇಲ್ಲ, ನಿಮಗೆ ಎಷ್ಟು ವಯಸ್ಸು ಎಂದು ನಾನು ಕೇಳುವುದಿಲ್ಲ. ಆ ಮಾತು ಇವತ್ತಿಗೆ ಯಾರೂ ಕೇಳಬೇಡಿ. ಹೆಸರು ಹೇಳಿ. ಅವತ್ತು ಕೇಳದೆ ಬಿಟ್ಟೆ. ಅಜ್ಜಿ, ನಿಮ್ಮ ಹೆಸರೇನು?

ರಂಗಮ್ಮ. ಕೇಳಿಸಿತೇ ಸಭಿಕರೇ, ರಂಗಮ್ಮನವರು ಎಂದು.

ಮಲ್ಲಿಕಾರ್ಜುನ ಅವರೇ, ನಿಮ್ಮ ಜೀಪು ಬೇಕು. ಈಗಲೇ ಮೂಡಿಗೆರೆ ಆಸ್ಪತ್ರೆಗೆ ಹೋಗಬೇಕು, ಲೇಡಿ ಡಾಕ್ಟರು ನಾಲ್ಕು ಗಂಟೆಯವರೆಗೆ ಇರುತ್ತಾರೆ. ನೀವು ಎದ್ದೇ ನಿಂತಿದ್ದೀರಿ, ದೊಡ್ಡ ಉಪಕಾರ. ಅಧ್ಯಕ್ಷರೂ ಎದ್ದರು. ಅಧ್ಯಕ್ಷರೇ, ಆ ಶಾಲು ಇತ್ತ ಕೊಡಿ. ತೆರೆದ ಜೀಪು, ದಾರಿಯಲ್ಲಿ ಗಾಳಿ ಇರುತ್ತದೆ, ಅವರಿಗೆ ಹೊದಿಸುತ್ತೇನೆ. ಉಳಿದವರು ಉಣ್ಣಿ. ಪಾತ್ರೆಗೆ ಬಡಿಸುವ ಮೊದಲು ಒಂದೊಂದನ್ನೂ ಬೊಮ್ಮಯ್ಯ ನೋಡಲಿ, ಅನುಮಾನ ಬಂದದ್ದನ್ನು ಪಕ್ಕಕ್ಕಿಡಲಿ, ಅಂಥವರಿಗೆ ಎಲೆಯಲ್ಲಿ ಕಟ್ಟಿಕೊಡಿ.

ನನ್ನ ಹತ್ತು ನಿಮಿಷ ಎಂದೋ ಮುಗಿದಿದೆ. ಇಷ್ಟು ಹೊತ್ತು ಹಸಿದ ಹೊಟ್ಟೆಯಲ್ಲಿ ಕೂತು ಕೇಳಿದ ನಿಮಗೆಲ್ಲ ನನ್ನ ವಂದನೆಗಳು. ದಾರಿ ಬಿಡಿ, ನಾನು ಕೆಳಗೆ ಬರುತ್ತಿದ್ದೇನೆ. ರಂಗಮ್ಮನವರೇ, ನನ್ನ ಕೈ ಹಿಡಿದುಕೊಳ್ಳಿ, ನಿಧಾನವಾಗಿ ಹೋಗೋಣ. ಎಲ್ಲರಿಗೂ ನಮಸ್ಕಾರ.